ಗೂಟಕ್ಕೆ ಕಟ್ಟಿರೋ ಹೆಸರುಕಾಳು

ಶಿವಲಕ್ಷ್ಮಿ,

ನಾನು ಅಗಳಿ ಬಸ್ಸಿಗೆ ಹೊರಟೆ. ಅಂಗನವಾಡಿಯಲ್ಲಿ ಇವತ್ತು ಬಸುರಿ ಹೆಂಗಸರ ಮೀಟಿಂಗ್ ಐತೆ. ಮೊಳಕೆ ಕಾಳು ತಿಂದ್ರೆ ರಕ್ತ ಆಗುತ್ತೆ, ಸಲೀಸಾಗಿ ಅರಗುತ್ತೆ ಅಂತ ಇಪ್ಪತ್ತು ವರ್ಷದಿಂದ ಹೇಳಿದ್ದನ್ನೇ ಇವತ್ತೂ ಹೇಳಬೇಕು.

ಅನ್ನ, ಮೆಣಸಿನ ಸಾರು ಮುಚ್ಚಿಟ್ಟಿದೀನಿ. ಬಿಸಿ ಮಾಡ್ಕೊಂಡು ಉಣ್ಣು. ಹಸೀ ಮೈ, ತಣ್ಣೀರಿಗೆ ಕೈ ಹಾಕಬೇಡ. ಪಾತ್ರೆ ನಾನು ಬಂದು ತೊಳೀತೀನಿ. ಫೋನು ಚಾರ್ಜಿಗೆ ಹಾಕು, ನಿಮ್ಮಮ್ಮ ಮಾಡಿ ಮಾಡಿ ಸೋತಿದಾರೆ.

ಮಗು ಉಳೀಲಿಲ್ಲ ಅಂದಾಗ ಆಸ್ಪತ್ರೆಯಲ್ಲಿ ಎಲ್ಲರ ಮುಂದೆ, "ಮೊಳಕೆ ಕಾಳು ತಿನ್ನು ಅಂದ್ರೆ ತಿನ್ನಲಿಲ್ಲ, ಅದಕ್ಕೇ ಹಿಂಗಾಯ್ತು" ಅಂದುಬಿಟ್ಟೆ. ಅದು ಸುಳ್ಳು. ಕರುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು ಅಂತ ಡಾಕ್ಟರಮ್ಮ ಆಮೇಲೆ ನನಗೆ ಬಿಡಿಸಿ ಹೇಳಿದ್ರು. ನೀನು ಏನು ತಿಂದಿದ್ರೂ ಅದು ತಪ್ಪುತ್ತಿರಲಿಲ್ಲ. ಎದುರಿಗೆ ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೇ ಬರೆದಿದೀನಿ.

ಆಸ್ಪತ್ರೆಯಿಂದ ಮನೆಗೆ ಬಂದಾಗಿಂದ ನೀನೇ ಕಾಳು ನೆನೆಸಿ ಕಟ್ತೀಯ. ಬೆಳಗ್ಗೆ ಒಲೆ ಮುಂದೆ ನಿಂತು, ಒಂದು ಹರಳು ಉಪ್ಪೂ ಇಲ್ಲದೆ ಹಿಡಿ ಹಿಡಿ ತಿಂತೀಯ. ನನ್ನ ಮುಖ ಕೂಡ ನೋಡಲ್ಲ. ಆ ಶಿಕ್ಷೆ ಕೊಟ್ಟೋಳು ನಾನೇ ಅಂತ ಗೊತ್ತೈತೆ.

ನೀನು ನೆನ್ನೆ ಕಟ್ಟಿರೋ ಗಂಟು ಗೂಟದಲ್ಲೇ ಐತೆ. ತಿನ್ನಬೇಕು ಅನ್ನಿಸಿದ್ರೆ ತಿನ್ನು. ಇಲ್ಲಾಂದ್ರೆ ಬಸುರಿಯಾಗಿದ್ದಾಗ ಹಾಕ್ತಿದ್ದ ಹಂಗೆ ಹಿತ್ತಲ ಕೋಳಿಗೆ ಹಾಕು. ಆಗಲೂ ನಾನು ಕಿಟಕಿಯಿಂದ ನೋಡ್ತಿದ್ದೆ.

ಇನ್ಮೇಲೆ ಕದ್ದು ಹಾಕಬೇಡ.

ಅತ್ತೆ