ಜಪಾನಿ ಹೆಂಗಸಿರುವ ಜೀಪು

ಕರೊಂಗಾ, ಗುರುವಾರ

ಅಮ್ಮಾ,

ಈ ಪತ್ರ ತಂದ ಬಸ್ಸಿನ ಕಂಡಕ್ಟರಿಗೆ ಕುಡಿಯಲು ಏನಾದರೂ ಕೊಡು. ಬಸ್ಸು ನನಗಿಂತ ಮೊದಲು ನಮ್ಮೂರು ರುಂಫಿ ತಲುಪುತ್ತದೆ. ನಾನು ದಾರಿಯಲ್ಲಿ ಕೈ ಅಡ್ಡ ಹಾಕಿದವರಿಗೆಲ್ಲ ಜೀಪು ನಿಲ್ಲಿಸಿ ಹತ್ತಿಸಿಕೊಳ್ಳುತ್ತ ಬರುತ್ತಿದ್ದೇನೆ, ನಾಳೆ ಮಧ್ಯಾಹ್ನವಾದೀತು.

ಜೀಪು ದಾರ್ ಎಸ್ ಸಲಾಮ್ ಬಂದರಿನಲ್ಲಿ ಸಿಕ್ಕಿತು. ಜಪಾನಿನಿಂದ ಹಡಗಿನಲ್ಲಿ ಬಂದದ್ದು, ಇಪ್ಪತ್ತಾರು ವರ್ಷ ಹಳೆಯದು. ಆದರೂ ನಾಲ್ಕೂ ಚಕ್ರ ಗಟ್ಟಿಯಾಗಿ ಎಳೆಯುತ್ತವೆ. ಹೆರಿಗೆ ಮಾಡಿಸಲು ಇನ್ನು ನೀನು ಕೆಸರು ತುಳಿದು ಬೆಟ್ಟ ಹತ್ತಬೇಕಾಗಿಲ್ಲ.

ಸ್ಟಾರ್ಟ್ ಮಾಡಿದಾಗಲೆಲ್ಲ ಒಳಗಿನ ಯಾವುದೋ ಯಂತ್ರದಿಂದ ಒಬ್ಬ ಹೆಂಗಸಿನ ದನಿ ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತದೆ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಗಡಿಯಲ್ಲಿ ಹತ್ತಿದ ನ್ಯಾಗೊಂದ್ವೆ ಅಜ್ಜಿ ಸರಿಯಾಗಿ ಬೈದಳು: “ನಿಮ್ಮಮ್ಮ ಇದನ್ನೇ ಕಲಿಸಿದ್ದಾ? ಅವಳು ಬಾಯ್ತುಂಬ ಮಾತಾಡಿಸ್ತಾಳೆ, ನೀನು ಹೇಗಿದ್ದೀಯ ಅಂತಾನೂ ಕೇಳಲ್ಲ!” ಆಮೇಲೆ ತಾನೇ ಗೌರವದಿಂದ ಮೆಲ್ಲಗೆ ಕೈ ತಟ್ಟಿ, “ನಾವು ಚೆನ್ನಾಗಿದ್ದೀವಿ ಕಣಮ್ಮ, ನೀನು?” ಎಂದಳು. ಈಗ ಹಿಂದೆ ಕೂತವರೆಲ್ಲ ಒಟ್ಟಿಗೆ ಉತ್ತರ ಕೊಡುತ್ತಾರೆ. ಅದು ಮುಗಿಯುವವರೆಗೂ ನಾನು ಗೇರ್ ಹಾಕುವಂತಿಲ್ಲ.

ನಾನು ಹೊರಟ ದಿನ ನೀನು ಬಾಗಿಲಿಗೆ ಬರಲಿಲ್ಲ. “ಒಬ್ಬಳೇ ಅಷ್ಟು ದೂರದಿಂದ ಗಾಡಿ ತರ್ತಾಳಂತೆ” ಎಂದು ಒಳಗಿನಿಂದಲೇ ಅಂದದ್ದು ಕೇಳಿಸಿತು. ಒಬ್ಬಳೇ ಬರುತ್ತಿಲ್ಲ ಅಮ್ಮಾ. ನನ್ನ ಜೊತೆ ಏಳು ಜನರಿದ್ದಾರೆ, ಒಂದು ಹುಂಜವೂ ಇದೆ. ನ್ಸಿಮಾ ಮುದ್ದೆಯನ್ನು ದೊಡ್ಡ ಪಾತ್ರೆಯಲ್ಲೇ ತಿರುವು, ನಿನ್ನದಲ್ಲದೆ ಎಂಟು ತಟ್ಟೆ ಇಡು. ಜಪಾನಿನವಳಿಗೆ ಊಟ ಬೇಡ. ನೀನು ಬಾಗಿಲಿಗೆ ಬಂದು ಮಾತಾಡಿಸಿದರೆ ಸಾಕು.

ನಿನ್ನ ಮಗಳು,
ತಿವೊಂಗೆ