ಕಾಲು ಮುಂದೆ

೧೧-೭-೮೩, ಕೂಡ್ಲಿಗಿ

ಇವತ್ತೂ ಪೇಶೆಂಟ್ ನಾನೇ. ಕ್ಲಾಸಿನಲ್ಲಿ ಎಲ್ಲರಿಗಿಂತ ಹಗುರ ಅಂತ. ಬೆಳಿಗ್ಗೆ ತೊಡೆ ಮುರಿಯಿತು, ಆಮೇಲೆ ತಲೆ ಒಡೆಯಿತು, ಊಟಕ್ಕೆ ಬಿಡುವ ಹೊತ್ತಿಗೆ ಹಾವು ಕಚ್ಚಿತು. ಮೈತುಂಬ ಬ್ಯಾಂಡೇಜು. ಮನೆಯಲ್ಲಿ ಹೇಳಿದರೆ ಅವ್ವ ನಗಲಿಲ್ಲ.

ಆಸ್ಪತ್ರೆಗೆ ಹೊಸ ಆಂಬುಲೆನ್ಸ್ ವ್ಯಾನ್ ಬರುತ್ತದೆ ಅಂತ ಈ ಟ್ರೇನಿಂಗು. ಕೊಟ್ಟೂರು, ಹಡಗಲಿ, ಹರಪನಹಳ್ಳಿ... ಎಲ್ಲ ಕಡೆಯಿಂದ ಒಬ್ಬ ಡ್ರೈವರ್, ಒಬ್ಬ ಅಟೆಂಡರ್. ನಮ್ಮಲ್ಲಿ ಅಟೆಂಡರ್ ನಾನು, ಡ್ರೈವರ್ ದಾವಲ್ ಸಾಬ್. ಮೊನ್ನೆಯವರೆಗೆ ತನ್ನ ಅಣ್ಣನ ಗ್ಯಾರೇಜಿನಲ್ಲಿ ಲಾರಿ ಕೆಳಗೆ ಮಲಗಿರುತ್ತಿದ್ದವ. "ನಾಡಿ ಸಿಗಲಿಲ್ಲಂದ್ರ ಸೆಲ್ಫ್ ಹೊಡೀಬೇಕೇನ್ರಿ ಸರ್?" ಅಂತ ಮೇಷ್ಟ್ರನ್ನು ಕೇಳಿದ.

ಮೇಷ್ಟ್ರು ಉಚ್ಚಂಗೆಪ್ಪನವರು. ಮಿಲಿಟರಿಯಲ್ಲಿ ಕಂಪೌಂಡರ್ ಆಗಿದ್ದವರು. ಅವರೂ ನಗುವುದಿಲ್ಲ.

೧೪-೭-೮೩

ಸ್ಟ್ರೆಚರ್ ಪಾಠ. ಗಲಾಟೆ.

ರೂಲು ಹೀಗೆ — ಪೇಶೆಂಟನ್ನು ಹೊತ್ತರೆ ಕಾಲು ಮುಂದೆ, ತಲೆ ಹಿಂದೆ. ತಲೆಯ ಕಡೆ ಹಿಡಿದವನಿಗೆ ಮುಖ ಕಾಣುತ್ತಿರಬೇಕು. ಉಸಿರು, ಬಣ್ಣ, ವಾಂತಿ... ಎಲ್ಲ ನೋಡುತ್ತಾ ಬರಬೇಕು. ಏರು ಬಂದರೆ ಮಾತ್ರ ತಲೆ ಮುಂದೆ.

ಹಡಗಲಿಯ ಹಾಲೇಶಪ್ಪ ಮಲಗಿದ್ದವ ಧಡಕ್ಕನೆ ಎದ್ದು ಕುಳಿತ. "ಕಾಲು ಮುಂದ ಮಾಡಿ ಹೆಣಾನ ಹೊರ್ತಾರ್ರಿ. ನನಗ ಹೆಂಡ್ತಿ ಮಕ್ಳು ಅದಾರ."

ಸರಿ, ಏರಿನ ಪಾಠವೇ ಮೊದಲಾಗಲಿ ಅಂತ ದಾವಲ್ ಸಾಬನನ್ನು ಮಲಗಿಸಿ ಆಸ್ಪತ್ರೆಯ ಮೆಟ್ಟಿಲಿನ ಕಡೆ ತಲೆ ತಿರುಗಿಸಿದರು. ಅವನೂ ಎದ್ದ. "ತೋಬಾ ತೋಬಾ. ನಮ್ಮಲ್ಲಿ ಹೆಣದ ಜನಾಜಾ ಹೋಗೋದೇ ತಲಿ ಮುಂದ ಮಾಡಿ. ನಾ ಒಲ್ಲೆ ಸರ್."

ಮೇಷ್ಟ್ರು ಸೊಂಟದ ಮೇಲೆ ಕೈ ಇಟ್ಟುಕೊಂಡರು. "ಹಂಗಾದ್ರ ಜೀವ ಇದ್ದೋರು ಹೆಂಗ ಹೋಗ್ಬೇಕ್ರಪ್ಪಾ? ಅಡ್ಡಡ್ಡ ಹೋಗ್ಬೇಕಾ?"

ಕೊನೆಗೆ ಮಲಗಿದವ ನಾನೇ. ಕಾಲು ಮುಂದೆ ಮಾಡಿ ಮೈದಾನ ಸುತ್ತಿಸಿದರು. ಆಕಾಶ ನೋಡುತ್ತಾ ಹೋದೆ. ಏನೂ ಅನ್ನಿಸಲಿಲ್ಲ. ಬೆನ್ನು ಸ್ವಲ್ಪ ತುರಿಸುತ್ತಿತ್ತು.

ಸಂಜೆ

ಅವ್ವನಿಗೆ ಯಾರೋ ಚಾಡಿ ಹೇಳಿದ್ದಾರೆ. ಹೊಸ್ತಿಲಲ್ಲೇ ನಿಲ್ಲಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಇಳಿ ತೆಗೆದಳು. ಒಲೆಗೆ ಹಾಕಿದ್ದೇ ತಡ, ಮನೆ ತುಂಬ ಘಾಟು. ಇಬ್ಬರೂ ಕೆಮ್ಮಿದೆವು. ಕೆಮ್ಮುತ್ತಲೇ ಬೈದಳು.

"ಇರೋನು ಒಬ್ಬ ಅದೀ. ಕಾಲು ಮುಂದ ಮಾಡಿಸ್ಕೊಂಡು ಮೆರವಣಿಗಿ ಹೊಂಟಿಯೇನಲೇ?"

"ಪಾಠ ಅವ್ವಾ."

"ಸುಡು ನಿನ್ನ ಪಾಠ. ನನ್ನ ಜೀವ ಇರೋತನಕ ನನ್ನ ಮಾತ್ರ ಹಂಗ ಹೊರಬ್ಯಾಡ. ಮಾತು ಕೊಡು."

ಕೊಟ್ಟೆ. ರೊಟ್ಟಿ ತಣ್ಣಗಾಗುತ್ತಿತ್ತು.

೧೯-೭-೮೩

ಮೇಷ್ಟ್ರ ಪ್ರಶ್ನೆ — ಏರು ದಾರಿ, ಪೇಶೆಂಟಿಗೆ ತೊಡೆ ಮುರಿದಿದೆ. ಯಾವ ಕಡೆ ಮುಂದೆ?

ತಲೆ, ಅಂದೆವು ಎಲ್ಲರೂ. ತಪ್ಪು. ಹಾಗೆ ಮಾಡಿದರೆ ಕಾಲು ತಗ್ಗಿಗೆ ಬರುತ್ತದೆ, ಮೈಭಾರವೆಲ್ಲ ಮುರಿದ ಮೂಳೆಯ ಮೇಲೆ ಇಳಿಯುತ್ತದೆ. ಮೂಳೆಯ ಚೂಪು ಒಳಗಿನ ರಕ್ತನಾಳ ಕೊಯ್ದರೆ ದಾರಿಯಲ್ಲೇ ಖಲಾಸ್. ಕಾಲು ಮುರಿದಿದ್ದರೆ ಏರಿಗೂ ಕಾಲೇ ಮುಂದೆ.

"ಬರ್ಕೊಳ್ರಿ" ಅಂದರು. ಬರೆದುಕೊಂಡೆ. ದಾವಲ್ ಸಾಬ್ ಆಕಳಿಸುತ್ತಿದ್ದ.

೩೦-೮-೮೩

ಬಹಳ ದಿನ ಬರೆದಿಲ್ಲ. ಟ್ರೇನಿಂಗ್ ಮುಗಿಯಿತು. ಪಾಸು. ವ್ಯಾನ್ ಬಂತು. ದಾವಲ್ ಸಾಬ್ ಅದನ್ನು ಹೊಸ ಮದುಮಗಳ ಹಾಗೆ ನೋಡಿಕೊಳ್ಳುತ್ತಾನೆ.

ಹೈವೇಯಲ್ಲಿ ಲಾರಿ ಆಕ್ಸಿಡೆಂಟು ಎರಡು. ಕಣದ ಮಶೀನಿಗೆ ಕೈ ಸಿಕ್ಕಿಸಿಕೊಂಡವಳು ಒಬ್ಬಳು. ಹೊತ್ತೆವು, ತಂದೆವು, ವ್ಯಾನ್ ತೊಳೆದೆವು. ಮೊದಮೊದಲು ಊಟ ಸೇರುತ್ತಿರಲಿಲ್ಲ. ಈಗ ಸೇರುತ್ತದೆ.

೧೮-೯-೮೩, ಬಳ್ಳಾರಿ

ಅವ್ವ ಬಿದ್ದಳು.

ಸುಮ್ಮನೆ ಆದದ್ದು ಆದ ಹಾಗೆ ಬರೆಯುತ್ತೇನೆ. ಮೋಡ ಕವಿದಿತ್ತಂತೆ. ಸೋರುವ ಕಡೆ ಮಣ್ಣು ಬಳಿಯಲು ಮಾಳಿಗೆ ಹತ್ತಿದ್ದಾಳೆ. ಇಳಿಯುವಾಗ ಏಣಿ ಜಾರಿದೆ. ಪಕ್ಕದ ಮನೆಯ ಕೊಟ್ರಬಸಮ್ಮ ಆಸ್ಪತ್ರೆಗೆ ಓಡಿ ಬಂದಳು. "ಓಬಳೇಶಾ, ನಿಮ್ಮವ್ವ ಏಳವಲ್ಲಳು!"

ನಮ್ಮ ಮನೆ ಇರುವುದು ತಗ್ಗಿನ ಓಣಿಯಲ್ಲಿ. ವ್ಯಾನ್ ಮೇಲೆ ರಸ್ತೆಯಲ್ಲೇ ನಿಲ್ಲಬೇಕು. ಸ್ಟ್ರೆಚರ್ ಹಿಡಿದು ಇಳಿದೆವು. ಅವ್ವನನ್ನು ಒಳಗೆ ಎಳೆದು ಮಲಗಿಸಿದ್ದರು. ಎಡತೊಡೆ ಮುರಿದಿತ್ತು, ನೋಡಿದರೇ ಗೊತ್ತಾಗುತ್ತಿತ್ತು. ಕಂಕುಳಿನಿಂದ ಹಿಮ್ಮಡಿಯವರೆಗೆ ಹಲಗೆ ಕೊಟ್ಟು ಕಟ್ಟಿದೆ. ಯಾರದೋ ಕಾಲು ಅನ್ನುವ ಹಾಗೆ ಕಟ್ಟಿದೆ. ಬೆರಳು ಅಲ್ಲಾಡಿಸು ಅಂದೆ. ಅಲ್ಲಾಡಿಸಿದಳು.

ಎತ್ತಿದೆವು. ತನ್ನ ಕಾಲು ಮೊದಲು ಬಾಗಿಲು ದಾಟಿದ್ದು ಕಂಡಿದ್ದೇ ತಡ, ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಬಿಟ್ಟಳು.

"ಮಾತು ಕೊಟ್ಟಿದ್ದಿ! ನಾ ಇನ್ನೂ ಸತ್ತಿಲ್ಲ, ಸತ್ತಿಲ್ಲಲೇ!"

ಏರಿನ ಓಣಿ, ತೊಡೆ ಮುರಿದಿದೆ, ತಲೆ ಮುಂದೆ ಮಾಡಿದರೆ ನೀನು ಉಳಿಯುವುದಿಲ್ಲ ಅಂದೆ. ಕೇಳುವವರು ಯಾರು? ಓಣಿಯ ಹೆಂಗಸರೆಲ್ಲ ಅವಳ ಪರ. "ಹಿರ್‍ಯಾಕಿ ಬಾಯಿಬಿಟ್ಟು ಹೇಳಾಕ್ಹತ್ಯಾಳ, ತಿರುಗಿಸ್ರಪಾ!" ಅವ್ವ ಹೊರಳಾಡುತ್ತಿದ್ದಳು. ಒಂದೊಂದು ಸಲ ಹೊರಳಿದಾಗಲೂ ಕಟ್ಟು ಸಡಿಲ. ಆಗ ಹೆದರಿದೆ. ಬಲವಂತ ಮಾಡಿದರೂ ಮೂಳೆ ಒಳಗೆ ಕೊಯ್ಯುತ್ತದೆ, ಅವಳು ಹೇಳಿದಂತೆ ತಿರುಗಿಸಿದರೂ ಕೊಯ್ಯುತ್ತದೆ. ಬಾಯಿಗೆ ಬಂದಂತೆ ಬೈದೆ. ಅವ್ವನನ್ನು.

ದಾವಲ್ ಸಾಬ್ ಸ್ಟ್ರೆಚರ್ ಕೆಳಗಿಡು ಅಂತ ಸನ್ನೆ ಮಾಡಿದ. ಅವಳ ತಲೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತ.

"ಸುಂಕಮ್ಮವ್ವಾ, ನಮ್ಮಲ್ಲಿ ಸತ್ತೋರ್ನ ಹೆಂಗ ಹೊರ್ತಾರ, ಗೊತ್ತೈತೇನು? ತಲಿ ಮುಂದ."

ಅವ್ವ ಅಳು ನಿಲ್ಲಿಸಿದಳು. "ಮತ್ತ ಕಾಲು ಮುಂದ ಹೊಂಟ್ರ?"

"ಕಾಲು ಮುಂದ ಹೊಂಟ್ರ ಜೀವ ಐತಿ ಅಂತ."

"ಖರೇನ?"

"ಅಲ್ಲಾನ ಆಣಿ."

ಅವನ ಮುಖವನ್ನೇ ನೋಡಿದಳು. ಒಂದೊಂದೇ ಬೆರಳು ಬಿಡಿಸಿಕೊಂಡು ಚೌಕಟ್ಟು ಬಿಟ್ಟಳು.

"ಹಂಗಾರ ಇವತ್ತ ನಾ ನಿಮ್ಮಾಕಿ. ಹೊರ್ರಿ."

ತಲೆಯ ಕಡೆ ನಾನು. ಏರಿನುದ್ದಕ್ಕೂ ಮುಖ ನೋಡುತ್ತಾ ಬಂದೆ. ಅವಳು ನನ್ನನ್ನು ನೋಡಲಿಲ್ಲ. ವ್ಯಾನಿಗೆ ಹೇಗೆ ಏರಿಸಿದೆವೋ, ಬಳ್ಳಾರಿಯ ಈ ದೊಡ್ಡಾಸ್ಪತ್ರೆಗೆ ಹೇಗೆ ತಂದೆವೋ ನೆನಪಿಲ್ಲ.

೧೯-೯-೮೩, ಬೆಳಿಗ್ಗೆ

ಆಪರೇಶನ್ ಇವತ್ತೇ. ಒಳಗೆ ರಕ್ತನಾಳ ಉಳಿದುಕೊಂಡಿದೆ, ಚೆನ್ನಾಗಿ ತಂದಿದ್ದೀರಿ ಅಂದರು ಡಾಕ್ಟರು. ಆದರೆ ರಕ್ತ ಕಡಿಮೆ, ವಯಸ್ಸಾಗಿದೆ, ಗ್ಯಾರಂಟಿ ಕೊಡಲಾಗದು. ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸುತ್ತಾರಂತೆ.

ಪಕ್ಕದ ಮಂಚದವಳು ದಾವಲ್ ಸಾಬನನ್ನು ತೋರಿಸಿ ಯಾರು ಅಂತ ಕೇಳಿದಳು. "ನಮ್ಮವ" ಅಂದಳು ಅವ್ವ. ನಿನ್ನೆ ಆಡಿದ ಮಾತನ್ನು ಇನ್ನೂ ವಾಪಸ್ ತೆಗೆದುಕೊಂಡಿಲ್ಲ.

೧೧ ಗಂಟೆ

ಥಿಯೇಟರಿನ ಹೊರಗಿನ ಬೆಂಚು.

ವಾರ್ಡ್ ಬಾಯ್‌ಗಳು ಟ್ರಾಲಿ ತಂದರು. ಅವ್ವನನ್ನು ಮಲಗಿಸಿ ತಳ್ಳಿಕೊಂಡು ಹೊರಟರು. ತಲೆ ಮುಂದೆ. ನಮ್ಮ ಲೆಕ್ಕದಲ್ಲಿ ಸರಿಯಾಗೇ ಇತ್ತು, ದಾವಲ್ ಸಾಬನ ಲೆಕ್ಕದಲ್ಲಿ ತಿರುಗುಮುರುಗು. ಪಕ್ಕಕ್ಕೆ ನೋಡಿದೆ — ದಾವಲ್ ಸಾಬ್ ಗೋಡೆಯ ಕಡೆ ತಿರುಗಿ ನಿಂತಿದ್ದ. ಅವ್ವ ಅವನ ಬೆನ್ನನ್ನೇ ನೋಡುತ್ತಿದ್ದಳು.

ಓಡಿ ಹೋಗಿ ಟ್ರಾಲಿ ಹಿಡಿದೆ.

"ಸ್ವಲ್ಪ ತಿರುಗಿಸ್ರಿ."

"ಯಾಕೋ?"

"ಕಾಲು ಮುಂದ ಮಾಡಿ ಒಯ್ರಿ. ನಮ್ಮಲ್ಲಿ ಹಂಗ."

"ಯಾವ ಸೀಮಿ ಜನಾನೋ ನೀವು?"

ಕೈ ಮುಗಿದೆ. ಬೈದುಕೊಳ್ಳುತ್ತಾ ತಿರುಗಿಸಿದರು. ಅವ್ವ ಕಾಲು ಮುಂದಾಗಿ ಒಳಗೆ ಹೋದಳು. ಹೋಗುವಾಗ ನನ್ನನ್ನು ನೋಡಿದಳು. ನಿನ್ನೆಯಿಂದ ಮೊದಲ ಸಲ.

ಮಧ್ಯಾಹ್ನ

ದಾವಲ್ ಸಾಬ್ ಚಹಾ ತಂದ. ಇಬ್ಬರದೂ ಆರಿತು.

ಹೆದರಿಕೆ ಆಗುತ್ತಿದೆ. ಕ್ಲಾಸಿನಲ್ಲಿ ಕಾಲು, ತಲೆ ಅಂತ ಹೆದರಿದವರನ್ನೆಲ್ಲ ನೋಡಿ ಒಳಗೊಳಗೇ ನಕ್ಕಿದ್ದೆ. ಈಗ ಕಾರಿಡಾರಿನಲ್ಲಿ ಹೋಗುವ ಒಂದೊಂದು ಟ್ರಾಲಿಯನ್ನೂ ಯಾವ ಕಡೆ ಮುಂದೆ ಅಂತ ನೋಡುತ್ತಿದ್ದೇನೆ.

ಒಂದು ಮರೆತೆ. ಹೊರಗೆ ಹೇಗೆ ತರಬೇಕು ಅಂತ ಹೇಳಲಿಲ್ಲ. ದಾವಲ್ ಸಾಬನನ್ನು ಕೇಳಿದೆ. "ಹೆಂಗರ ಬರ್ಲಿ. ಮಾತಾಡ್ಕೋತ ಬರ್ಲಿ ಸಾಕು" ಅಂದ. ಅವನ ಕಣ್ಣೂ ಬಾಗಿಲ ಮೇಲೇ ಇದೆ.

ಬಾಗಿಲು ತೆರೆಯಿತು. ಮೊದಲು ಕಾಲು. ದಾವಲ್ ಸಾಬ್ ಎದ್ದು ನಿಂತ. ಅವ್ವನ ಮುಖದ ಮೇಲೆ ಬಟ್ಟೆ ಇಲ್ಲ. ಏನೋ ಅನ್ನುತ್ತಿದ್ದಾಳೆ... "ಓಬಳ್ಯಾ, ಸಾಕಿನ್ನ. ತಲಿ ಮುಂದ ಮಾಡಿ ನಮ್ಮ ಕಡೀಗೆ ತಿರುಗಿಸಲೇ" ಅನ್ನುತ್ತಿದ್ದಾಳೆ. ಹೋಗಿ ತಿರುಗಿಸಿ—