ರಾಚವ್ವನ ಪ್ಲಾಸ್ಟರು

ಜೋರಾಪುರ ಪೇಟೆ, ವಿಜಾಪುರ
೧೨ ಫೆಬ್ರುವರಿ ೧೯೪೬, ಮಂಗಳವಾರ

ಪ್ರೀತಿಯ ಅಕ್ಕನಾಗಮ್ಮಾ,

ಬಿ.ಎ. ಪದವೀಧರನೂ, ಹೈಸ್ಕೂಲಿನ ಮಾಸ್ತರನೂ, ನಾಲ್ಕು ಜನರೆದುರು ನಿನ್ನ ಕೈಹಿಡಿದವನೂ ಆದ ನಾನು, ಪೂರ್ಣ ಎಚ್ಚರದಲ್ಲಿದ್ದು, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಹೋದ ವಾರದ ಸೋಮವಾರ ಮುಷ್ಟಿಗಡಿಗೆಯಲ್ಲಿ ಮೋಸ ಮಾಡಿದ್ದೇನೆ. ದಿನಕ್ಕೊಂದು ಹಿಡಿ ಜೋಳ, ಅದು ದವಾಖಾನೆಯ ಮಕ್ಕಳ ಪಾಲು, “ಮರೀಬ್ಯಾಡ್ರಿ” ಎಂದು ನೀನು ಬಸ್ಸಿನ ಕಿಟಕಿಯಿಂದಲೂ ಹೇಳಿದ್ದೆ. ಹದಿನೇಳು ದಿನ ಮರೆತೆ. ಮನೆಮನೆಯ ಮುಷ್ಟಿ ಒಟ್ಟುಮಾಡುವ ಪರಸವ್ವ ಓಣಿಯ ತುದಿಗೆ ಕಂಡೊಡನೆ ಹದಿನೇಳು ಹಿಡಿಯನ್ನೂ ಒಂದೇ ಉಸಿರಿನಲ್ಲಿ ಗಡಿಗೆಗೆ ಸುರಿದೆ. ಅವಳು ಅದರಲ್ಲೊಮ್ಮೆ ಕೈಯಾಡಿಸಿ, “ಇದು ಅಕ್ಕಾರ ಮುಷ್ಟಿ ಅಲ್ರಿ ಮಾಸ್ತರ. ಅಕ್ಕಾರ ಜ್ವಾಳದಾಗ ಒಂದ ಹರಳ ಸಿಗಂಗಿಲ್ಲ. ಇದರಾಗ ಕಟ್ಟೀನ ಕಟ್ಟಬೋದು” ಅಂದಳು. ಮುಷ್ಟಿಯುದ್ಧದಲ್ಲಿ ಸೋತ ಪೈಲ್ವಾನನಂತೆ ಹೊಸ್ತಿಲ ಮೇಲೆ ಕುಳಿತು ಹರಳುಕಲ್ಲು ಆರಿಸಿದೆ. ಪದವಿ ನನ್ನದು, ಪದಾರ್ಥ ನಿನ್ನದು ಎಂದು ಅಂದೇ ತೀರ್ಮಾನವಾಯಿತು.

ಕ್ಷೇಮ ಕೇಳುವ ಮೊದಲೇ ತಪ್ಪೊಪ್ಪಿಗೆ ಬರೆದದ್ದಕ್ಕೆ ಇನ್ನೊಂದು ಕ್ಷಮೆ ಇರಲಿ. ಹೇಗಿದ್ದೀ? ತಂಗಿಯ ಬಾಣಂತನದ ಗಡಿಬಿಡಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಷ್ಟೆ? ಅತ್ತೆಯವರ ಮೊಣಕಾಲು ನೋವು ಹೇಗಿದೆ? ಕೂಸಿನ ಮೂಗು ಯಾರ ಕಡೆಯದೆಂದು ಇತ್ಯರ್ಥವಾಯಿತೇ? ಮೊನ್ನೆ ಗಾಂಧಿ ಚೌಕದಲ್ಲಿ ಬಬಲೇಶ್ವರದ ನಿಮ್ಮ ಕಾಕಾ ಸಿಕ್ಕಿದ್ದರು. “ತಿಕೋಟಾ ಏನ್ ದೂರರಿ, ಹನ್ನೆರಡ ಮೈಲಿ” ಎಂದು ನಕ್ಕರು. ಅವರು ಎತ್ತಿನ ಕಾಲಿನಿಂದ ಅಳೆಯುವವರು. ನಾನು ಅಳೆಯುವುದು ತಣ್ಣಗಾದ ಒಲೆಯಿಂದ. ನನ್ನ ಪ್ರಕಾರ ನಿನ್ನ ತವರು ತಿಕೋಟಾ ಇಪ್ಪತ್ತೈದು ದಿನ ದೂರವಿದೆ, ದಿನೇ ದಿನೇ ಇನ್ನೂ ಹಿಂದೆ ಸರಿಯುತ್ತಿದೆ.

ಇನ್ನು ನಿನ್ನ ಎರಡನೆಯ ಸಂಸಾರದ ಸುದ್ದಿ. ಶಾಲೆ ಬಿಟ್ಟ ಮೇಲೆ ಧರ್ಮದ ದವಾಖಾನೆಗೆ ನಿನ್ನ ಬದಲು ನಾನೇ ಹೋಗುತ್ತಿದ್ದೇನೆ. ಹದಿನಾಲ್ಕು ಮಕ್ಕಳಿಗೂ ಹಾಲು ಕುಡಿಸುತ್ತೇನೆ, ಕಥೆ ಹೇಳುತ್ತೇನೆ, ತಲೆ ಬಾಚುತ್ತೇನೆ. ಕೆಮ್ಮಿನ ಹುಡುಗ ಜಿಲಾನಿ ಮಾತ್ರ, “ಮಾಸ್ತರ, ನೀವು ಹಣಿ ಬಾಚಾಕತ್ತೀರಿ, ತಲಿ ಇನ್ನೂ ಮ್ಯಾಲ ಐತಿ” ಎಂದು ತಕರಾರು ತೆಗೆದ. ವಿಮರ್ಶಕರು ಎಲ್ಲ ಕಡೆಗೂ ಇರುತ್ತಾರೆ.

ಅರಕೇರಿಯ ರಾಚವ್ವನ ಎಡಗಾಲಿನ ಪ್ಲಾಸ್ಟರು ಈ ವಾರ ಕತ್ತರಿಸುತ್ತಾರೆ. ಎಂಟು ತಿಂಗಳು ಅದರೊಳಗಿದ್ದ ಕಾಲು ಅವಳನ್ನು ಹೊರುತ್ತದೋ ಇಲ್ಲವೋ, ಬಿಚ್ಚಿದ ಮೇಲೆಯೇ ತಿಳಿಯಬೇಕು ಎನ್ನುತ್ತಾರೆ ಡಾಕ್ಟರರು. ತಾಯಿಯಿಲ್ಲದ ಏಳು ವರ್ಷದ ಹುಡುಗಿಗೆ ಚಿಂತೆ ಅದಲ್ಲ. “ಯಾವುದು ಪ್ಲಾಸ್ಟರು, ಯಾವುದು ಕಾಲು ಅಂತ ಕತ್ರಿಗೆ ಗೊತ್ತಾಗ್ತೈತೇನ್ರಿ?” ಎಂದು ಕೇಳಿದಳು. ಅಂದು ಪಕ್ಕದಲ್ಲಿ ಕೂತು ಕೈ ಹಿಡಿಯುತ್ತೇನೆ ಎಂದು ನೀನು ಮಾತು ಕೊಟ್ಟಿದ್ದೀಯಂತೆ. ನಾನು ಹೋದಾಗಲೆಲ್ಲ ನನ್ನ ಹೆಗಲ ಆಚೆ ಬಾಗಿಲನ್ನೇ ನೋಡುತ್ತಾಳೆ. ನೋಡಿ ನೋಡಿ ನನಗೂ ಆ ಚಟ ಹತ್ತಿದೆ. ಮನೆಯಲ್ಲಿ ಕೂತರೂ ಬಾಗಿಲ ಕಡೆಗೇ ಮುಖ.

ಹಾಗೆಂದು ನೀನು ಅವಸರ ಮಾಡುವುದು ಬೇಡ. ಬಾಣಂತನ ಸಾಂಗವಾಗಿ ಮುಗಿಸಿಯೇ ಬಾ. ರಾಚವ್ವನ ಕೈ ಹಿಡಿಯಲು ನಾನಿದ್ದೇನೆ. ಎಂಥ ಕತ್ತರಿ ಬಂದರೂ ಈ ಎದೆ ಅಲ್ಲಾಡುವಂಥದಲ್ಲ.

ಅತ್ತೆ ಮಾವನವರಿಗೆ ಶರಣು ಹೇಳು. ಬಾಣಂತಿ ಗಟ್ಟಿಯಾಗಲಿ. ಕೂಸಿನ ಮೂಗು ಯಾರದೇ ಆಗಿರಲಿ, ಅದಕ್ಕೊಂದು ಮುತ್ತು.

ನಿನ್ನ
ಗುರುಪಾದಯ್ಯ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಚುಟುಕಾಗಿ ಬರೆಯುತ್ತೇನೆ. ಪ್ಲಾಸ್ಟರು ಕತ್ತರಿಸುವುದು ನಿನ್ನೆಯೇ ಇತ್ತು. ಡಾಕ್ಟರರು ಕತ್ತರಿ ಹೊರತೆಗೆದರು, ನಾನು ರಾಚವ್ವನ ಕೈ ಹಿಡಿದೆ. ಮುಂದೆ ನನಗೆ ಕಂಡದ್ದು ಮೇಲಿನ ಜಂತಿ. ಮೂರ್ಛೆ ಹೋದವನನ್ನು ಪಕ್ಕದ ಮಂಚದ ಮೇಲೆ ಮಲಗಿಸಿದ್ದರು, ಹುಡುಗಿ ಬಾಗಿ ನನ್ನ ಬೆರಳು ಹಿಡಿದುಕೊಂಡಿದ್ದಳು. ಕೆಲಸ ಶುಕ್ರವಾರಕ್ಕೆ ಹೋಗಿದೆ. ಗುರುವಾರದ ಬಸ್ಸಿಗೆ ಬಂದುಬಿಡು. “ಮಾಸ್ತರಗೂ ಅಕ್ಕಾರ ಬೇಕ್ರಿ. ಅವರು ಬರೂತನಕಾ ಇಬ್ಬರನ್ನೂ ಮುಟ್ಟಬ್ಯಾಡ್ರಿ” ಎಂದು ರಾಚವ್ವ ಎಲ್ಲರೆದುರು ಡಾಕ್ಟರರಿಗೆ ಹೇಳಿದಳು. ಅವರು ನನ್ನ ಮುಖ ನೋಡಿದರು. ಮಲಗಿದಲ್ಲಿಂದಲೇ ನಾನು ಹೂಂ ಅಂದೆ.